ಮೊದಲಿಗರ ಹಿಂದೆ ಯಾರೂ ಬರದಿದ್ದರೆ?

ನಿಮ್ಮ ಆಫೀಸಿನಲ್ಲಿ ಒಬ್ಬರು ಹೊಸ ರೀತಿಯಲ್ಲಿ ಕೆಲಸ ಶುರು ಮಾಡಿದರು, ಯಾರೂ ಜೊತೆಗೆ ಬರಲಿಲ್ಲ. ಹಾಗಾದರೆ ಮೊದಲಿಗರಿಂದ ಏನಾದರೂ ಬದಲಾಗುತ್ತಾ ಎಂದು ಕೇಳಿದ್ದೀರಿ.

ಖಂಡಿತ ಬದಲಾಗುತ್ತದೆ. ಆದರೆ ಅವರ ಪಕ್ಕಕ್ಕೆ ಬಂದು ನಿಲ್ಲುವ ಎರಡನೆಯವರು ಬೇಕೇ ಬೇಕು. ನಾವು ಸಾಮಾನ್ಯವಾಗಿ ಅವರನ್ನು ಮರೆತುಬಿಡುತ್ತೇವೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು. 100 ಜನ ಇದ್ದಾರೆ ಅಂದುಕೊಳ್ಳಿ. ಒಬ್ಬರು ಯಾರಿಗೂ ಕಾಯದೆ ಶುರು ಮಾಡುತ್ತಾರೆ. ಇನ್ನೊಬ್ಬರಿಗೆ ತನಗಿಂತ ಮುಂಚೆ ಒಬ್ಬರಾದರೂ ಇಳಿದಿರಬೇಕು. ಮತ್ತೊಬ್ಬರಿಗೆ ಇಬ್ಬರು. ಹೀಗೇ ಕೊನೆಯವರಿಗೆ 99 ಜನ. ಆಗ ಒಬ್ಬರಾದ ಮೇಲೊಬ್ಬರು ಎಲ್ಲರೂ ಸೇರುತ್ತಾರೆ. ಈಗ ‘ಒಬ್ಬರಿದ್ದರೆ ಸಾಕು’ ಅನ್ನುವವರು ‘ಇಬ್ಬರು ಬೇಕು’ ಅಂದರು ಎನ್ನಿ. ಅಷ್ಟೇ. ಮೊದಲಿಗರು ಒಂಟಿಯಾಗಿ ಉಳಿಯುತ್ತಾರೆ. ಉಳಿದ 98 ಜನ ಮೊದಲಿನ ಹಾಗೇ ಇದ್ದಾರೆ, ಗಮನಿಸಿ. ಆದ್ದರಿಂದ ‘ನಮ್ಮ ಜನ ಬದಲಾಗಲ್ಲ’ ಎಂದು ಬೇಗ ತೀರ್ಮಾನ ಮಾಡಬೇಡಿ.

ಅಮೆರಿಕದ ಅಯೋವಾ ರಾಜ್ಯದ ರೈತರು ಹೈಬ್ರಿಡ್ ಮೆಕ್ಕೆಜೋಳಕ್ಕೆ ಹೇಗೆ ತಿರುಗಿದರು ಎಂದು ರಯಾನ್ ಮತ್ತು ಗ್ರಾಸ್ ಎಂಬ ಇಬ್ಬರು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. ಮೊದಲು ಬಿತ್ತಿದವರ ಮೇಲೆ ಬೀಜ ಮಾರುವವರ ಮಾತು ಜಾಸ್ತಿ ಕೆಲಸ ಮಾಡಿತ್ತು. ಆಮೇಲಿನವರು ಒಪ್ಪಿದ್ದು ಅಕ್ಕಪಕ್ಕದ ರೈತರನ್ನು ನೋಡಿ. ಮೊದಲಿಗರೂ ಒಂದೇ ಸಲ ಇಡೀ ಹೊಲಕ್ಕೆ ಹಾಕಲಿಲ್ಲ, ಸ್ವಲ್ಪ ಜಾಗದಲ್ಲಿ ಬೆಳೆದು ನೋಡಿದರು. ಆಫೀಸಿನಲ್ಲೂ ಹಾಗೇ ಅಲ್ವಾ? ಮೇಲಿನಿಂದ ಬಂದ ಸುತ್ತೋಲೆ ಸುದ್ದಿ ಮುಟ್ಟಿಸುತ್ತದೆ. ಧೈರ್ಯ ಬರುವುದು ಪಕ್ಕದ ಟೇಬಲ್‌ನವರನ್ನು ನೋಡಿದಾಗ.

ಅದಕ್ಕೇ ನಾನು ಹೇಳುವುದು, ಒಂದೊಂದು ವಿಭಾಗದಲ್ಲಿ ಒಬ್ಬೊಬ್ಬರನ್ನು ಹಿಡಿಯಲು ಹೋಗಬೇಡಿ. ಚದುರಿಹೋದ ಮೊದಲಿಗರು ಬೇಗ ಸುಸ್ತಾಗುತ್ತಾರೆ. ದಿನಾ ಒಟ್ಟಿಗೆ ಊಟ ಮಾಡುವ ಮೂರು ನಾಲ್ಕು ಜನರಿಂದ ಶುರುವಾಗಲಿ. ಅಮೆರಿಕದ ಸಮಾಜಶಾಸ್ತ್ರಜ್ಞ ಡೇಮನ್ ಸೆಂಟೋಲಾ 2010ರಲ್ಲಿ ಆನ್‌ಲೈನ್ ಪ್ರಯೋಗವೊಂದರಲ್ಲಿ ಇದನ್ನೇ ಕಂಡರು. ಒಬ್ಬರಿಗೊಬ್ಬರು ಹತ್ತಿರವಿದ್ದ ಗುಂಪುಗಳಲ್ಲಿ ಹೊಸ ಅಭ್ಯಾಸ ಹೆಚ್ಚು ಜನರಿಗೆ, ಹೆಚ್ಚು ಬೇಗ ಹರಡಿತು. ಒಂದೇ ವಿಷಯ ತಮ್ಮ ಗುಂಪಿನ ಇಬ್ಬರು ಮೂವರಿಂದ ಬಂದಾಗ ಜನ ಕೈಹಾಕುವುದು ಹೆಚ್ಚಿತ್ತು.

ನಿಮ್ಮ ಆ ಸಹೋದ್ಯೋಗಿ ಇನ್ನೂ ಅದೇ ರೀತಿ ಕೆಲಸ ಮಾಡುತ್ತಿದ್ದಾರಾ? ಹಾಗಿದ್ದರೆ ಈ ವಾರವೇ ನೀವು ಅವರ ಜೊತೆ ಸೇರಿಕೊಳ್ಳಿ. ನಾಲ್ಕು ಜನರಿಗೆ ಕಾಣುವ ಹಾಗೆ ಸೇರಿಕೊಳ್ಳಿ.