ಮೂಲೆಯ ಪುಟ್ಟ ಚೌಕದಲ್ಲಿ ನಾನೇ

ಆಪ್ತಸಲಹೆಗೆಂದು ನನ್ನ ಬಳಿ ಬಂದವರೊಬ್ಬರ ಕಥೆ ಇದು. ಗುರುತು ಸಿಗದ ಹಾಗೆ ವಿವರ ಬದಲಿಸಿ, ಅವರನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ಹತ್ತಿರದವರ ವಿಡಿಯೋ ಕಾಲನ್ನೇ ತಪ್ಪಿಸುತ್ತಿದ್ದೇನೆ ಎಂಬ ದೂರು ಹೊತ್ತು ಈ ವರ್ಷ ಬಂದವರಲ್ಲಿ ಇವರು ನಾಲ್ಕನೆಯವರು.

ಮೂವತ್ತಾರು ವರ್ಷ, ಹಾಸನದ ಕಡೆಯವರು. ಮನೆಯಿಂದಲೇ ಕೆಲಸ, ದಿನಕ್ಕೆ ನಾಲ್ಕೈದು ಮೀಟಿಂಗ್, ಎಲ್ಲ ವಿಡಿಯೋದಲ್ಲೇ. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಹಾಸ್ಟೆಲ್ ಕಾಲದ ಗೆಳತಿಯ ವಿಡಿಯೋ ಕಾಲ್. ಬೇಸಿಗೆಯಲ್ಲಿ ಆಗ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ ಎಂಟು. ಎರಡು ತಿಂಗಳಿಂದ ಇವರು ಏನಾದರೊಂದು ನೆಪ ಹೇಳಿ ಅದನ್ನು ತಪ್ಪಿಸುತ್ತಿದ್ದರು. "ಅವಳು ನಂಗೆ ಬೇಡವಾದಳಾ ಮೇಡಂ?" ಅದೇ ಭಯ.

ಮೊದಲೆರಡು ಭೇಟಿಯಲ್ಲಿ ನಾನು ಸ್ನೇಹವನ್ನೇ ಕೆದಕಿದೆ. ಜಗಳ, ಹೊಟ್ಟೆಕಿಚ್ಚು, ಸಾಲ, ಏನೂ ಸಿಗಲಿಲ್ಲ. ಮೂರನೆಯ ದಿನ ಜೋರು ಮಳೆ. ಅವರಿಗೆ ಬರಲಾಗದೆ ವಿಡಿಯೋದಲ್ಲಿ ಕೂತೆವು. ಮಾತಾಡುತ್ತಾ ಅವರ ಕೈ ಪದೇ ಪದೇ ಕೆನ್ನೆಗೆ ಹೋಗುತ್ತಿತ್ತು. ಕಣ್ಣು ಸ್ಕ್ರೀನಿನ ಮೂಲೆಯಲ್ಲೇ ನೆಟ್ಟಿತ್ತು.

"ಈಗ ಏನು ನೋಡ್ತಾ ಇದ್ದೀರಿ?"

"ನನ್ನನ್ನೇ."

ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಹೋದ ಸಲ ಅವಳು ಅವರಮ್ಮನ ಆಪರೇಷನ್ ವಿಷಯ ಹೇಳ್ತಿದ್ದಳು. ನಾನು ನನ್ನ ಕೆನ್ನೆ ಮೇಲಿನ ಬಂಗಿನ ಕಲೆ ನೋಡ್ತಾ ಕೂತಿದ್ದೆ. ಯಾವ ಆಸ್ಪತ್ರೆ ಅಂದಳೋ ನೆನಪಿಲ್ಲ. ಬಂಗು ಎಷ್ಟಗಲ ಆಗಿದೆ ಅಂತ ಮಾತ್ರ ಗೊತ್ತು."

ನಿಜ ಹೇಳ್ತೀನಿ, ಅಷ್ಟು ಹೊತ್ತೂ ನಾನು ನನ್ನ ನರೆಗೂದಲನ್ನು ನೋಡಿಕೊಳ್ಳುತ್ತಿದ್ದೆ. ಅದನ್ನೂ ಹೇಳಿಬಿಟ್ಟೆ. ಇಬ್ಬರೂ ನಕ್ಕು ವಿಡಿಯೋ ಆಫ್ ಮಾಡಿದೆವು. ಆಮೇಲೆ ಬರೀ ದನಿ. ಅವರ ಮನೆಯ ಕುಕ್ಕರ್ ಕೂಗಿದ್ದು ಕೇಳಿತು. ಎದ್ದು ಹೋಗಿ ಒಲೆ ಆರಿಸಿ ಬಂದರು. ಬಂದವರೇ ಅತ್ತರು. ಮೂರು ಭೇಟಿಯಲ್ಲಿ ಅದೇ ಮೊದಲು.

ಸ್ಟ್ಯಾನ್‌ಫರ್ಡ್‌ನ ಸಂವಹನ ಶಾಸ್ತ್ರದ ಪ್ರಾಧ್ಯಾಪಕ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೋ ಕಾಲ್‌ಗಳ ಸುಸ್ತಿಗೆ ನಾಲ್ಕು ಕಾರಣಗಳಿರಬಹುದು ಎಂದು ಬರೆದಿದ್ದರು. ಒಂದು ಇದೇ, ಗಂಟೆಗಟ್ಟಲೆ ನಮ್ಮ ಮುಖವನ್ನೇ ನೋಡಿಕೊಂಡಿರುವುದು. ಇನ್ನೊಂದು, ಕ್ಯಾಮೆರಾಗೆ ಸಿಗಬೇಕೆಂದು ಅಲ್ಲಾಡದೆ ಕೂರುವುದು. ನನ್ನ ಸಲಹೆಯೂ ಇವೆರಡರ ಮೇಲೇ ನಿಂತಿತ್ತು. ಆಫೀಸ್ ಮೀಟಿಂಗ್‌ಗೆ ಜೂಮ್‌ನಲ್ಲಿ 'ಹೈಡ್ ಸೆಲ್ಫ್ ವ್ಯೂ' ಒತ್ತಿ, ನೀವು ಉಳಿದವರಿಗೆ ಕಾಣುತ್ತೀರಿ, ನಿಮಗೆ ಮಾತ್ರ ನಿಮ್ಮ ಮುಖ ಕಾಣುವುದಿಲ್ಲ. ಗೆಳತಿಗೆ ಸುಮ್ನೆ ಆಡಿಯೋ ಕಾಲ್ ಮಾಡಿ, ತಾರಸಿ ಮೇಲೆ ಓಡಾಡುತ್ತಾ ಮಾತಾಡಿ.

ಇದನ್ನು ಕೇಳಿ ನನ್ನ ಸಹೋದ್ಯೋಗಿಯೊಬ್ಬರು, "ಕೀಳರಿಮೆ ಇರುವವರಿಗೆ ಅಡಗಿಕೊಳ್ಳೋದು ಹೇಳಿಕೊಟ್ಟಿರಿ" ಅಂದರು. ನಾನು ಒಪ್ಪಲ್ಲ. ಇವರು ಮದುವೆ ಮನೆಗೆ ಹೋಗುತ್ತಾರೆ, ಫೋಟೋಗೆ ನಿಲ್ಲುತ್ತಾರೆ. ವಿಚಾರಿಸಿಯೇ ಹೇಳಿದ್ದು. ಮುಖ ತೋರಿಸಲು ಅಂಜಿ ಜನರನ್ನೇ ದೂರ ಇಟ್ಟಿದ್ದರೆ ಬೇರೆ ದಾರಿ ಹಿಡಿಯುತ್ತಿದ್ದೆ. ಮೊಮ್ಮಗುವಿನ ಮುಖಕ್ಕಾಗಿ ವಾರವಿಡೀ ಕಾಯುವ ಅಜ್ಜಿಗಂತೂ ವಿಡಿಯೋ ಬಂದ್ ಮಾಡಿ ಅಂತ ಹೇಳುವಷ್ಟು ದಡ್ಡಿ ನಾನಲ್ಲ. ಕಿವಿಗೊಟ್ಟು ಕೇಳುವುದು ಸ್ನೇಹದಲ್ಲಿ ಮೊದಲು, ಕಾಣುವುದು ಆಮೇಲೆ ಅನ್ನುವುದು ನನ್ನ ಹಠ. ಎಸ್‌ಟಿಡಿ ಬೂತಿನಲ್ಲಿ ಮೀಟರ್ ನೋಡುತ್ತಾ ಮಾತಾಡಿದವಳು ನಾನು, ಹಾಗಾಗಿ ಸ್ವಲ್ಪ ಪಕ್ಷಪಾತ ಇರಬಹುದು.

ಹದಿನೈದು ದಿನದ ಮೇಲೆ ಮೆಸೇಜ್ ಬಂತು. "ಆಸ್ಪತ್ರೆ ಯಾವುದು ಅಂತ ಮತ್ತೆ ಕೇಳಿದೆ. ಮೊದಲು ಚೆನ್ನಾಗಿ ಬೈದಳು. ಆಮೇಲೆ ಹೇಳಿದಳು. ಬಂಗಿನ ಕಥೆ ಇನ್ನೂ ಹೇಳಿಲ್ಲ."