ನ್ಯೂಟನ್ ಉಂಗುರದ ಲೆಕ್ಕ ತಪ್ಪುವುದೆಲ್ಲಿ?

ಪ್ರಶ್ನೆ: ಬಿ.ಎಸ್ಸಿ. ಓದುತ್ತಿದ್ದೇನೆ. ನ್ಯೂಟನ್ ಉಂಗುರಗಳ ಪ್ರಯೋಗದಲ್ಲಿ (ಚಪ್ಪಟೆ ಗಾಜಿನ ಮೇಲೆ ಉಬ್ಬು ಲೆನ್ಸ್ ಇಟ್ಟಾಗ ನಡುವಿನ ಗಾಳಿಯ ಪದರದಿಂದ ಕಾಣುವ ಕಪ್ಪು ಮತ್ತು ಹೊಳೆಯುವ ಉಂಗುರಗಳನ್ನು ಅಳೆಯುವುದು) ಸೋಡಿಯಂ ಬೆಳಕಿನ ತರಂಗಾಂತರ 612 ನ್ಯಾನೋಮೀಟರ್ ಬಂತು, ಬರಬೇಕಾದದ್ದು 589.3. ಉಂಗುರಗಳ ನಡುವೆ ಕಪ್ಪು ಚುಕ್ಕೆ ಇರಬೇಕಿತ್ತು, ನನಗೆ ಹೊಳೆಯುವ ಚುಕ್ಕೆ ಕಾಣಿಸಿತು. ಅದಕ್ಕೇ ತಪ್ಪಿತಾ? ಅಥವಾ ಮೈಕ್ರೋಸ್ಕೋಪ್ ಸರಿಯಿಲ್ಲವಾ?

ಉತ್ತರ: ನನಗೆ ಅನುಮಾನ ಇರುವುದು ಸ್ಫೆರೋಮೀಟರ್ ಮೇಲೆ, ಅಂದರೆ ಲೆನ್ಸಿನ ವಕ್ರತಾ ತ್ರಿಜ್ಯ (ಅದರ ಬಾಗಿದ ಮೈ ಯಾವ ಗೋಳದ ಭಾಗವೋ ಆ ಗೋಳದ ತ್ರಿಜ್ಯ) ಅಳೆಯುವ ಮೂರು ಕಾಲಿನ ಉಪಕರಣದ ಮೇಲೆ. ಎರಡು ಉಂಗುರಗಳ ವ್ಯಾಸದ ವರ್ಗಗಳ ವ್ಯತ್ಯಾಸವನ್ನು ಈ ತ್ರಿಜ್ಯದಿಂದಲೂ ಉಂಗುರಗಳ ಸಂಖ್ಯೆಯ ವ್ಯತ್ಯಾಸದ ನಾಲ್ಕರಷ್ಟರಿಂದಲೂ ಭಾಗಿಸಿದಾಗ ತಾನೇ ತರಂಗಾಂತರ ಸಿಗುವುದು.

ನಡುವೆ ಹೊಳೆಯುವುದಕ್ಕೆ ಸಾಮಾನ್ಯವಾಗಿ ದೂಳು ಕಾರಣ. ಲೆನ್ಸಿಗೂ ಗಾಜಿಗೂ ನಡುವೆ ಒಂದು ಕಣ ಕೂತರೆ ಸಾಕು, ಗಾಳಿಯ ಪದರ ಎಲ್ಲ ಕಡೆ ಅಷ್ಟೇ ದಪ್ಪವಾಗುತ್ತದೆ. ಆದರೆ 20ನೇ ಉಂಗುರದ ವ್ಯಾಸದ ವರ್ಗದಿಂದ 10ನೇದರ ವರ್ಗ ಕಳೆದಾಗ ಆ ಹೆಚ್ಚಿನ ದಪ್ಪ ಹೊರಟೇಹೋಗುತ್ತದೆ. ಎಣಿಕೆ ಶುರುಮಾಡಿದ್ದು ಒಂದು ಉಂಗುರ ಆಚೀಚೆ ಆಗಿದ್ದರೂ ಚಿಂತೆಯಿಲ್ಲ. ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ: ಕ್ರಾಸ್‌ವೈರ್ (ಮೈಕ್ರೋಸ್ಕೋಪಿನಲ್ಲಿ ಕಾಣುವ ಅಡ್ಡ-ಉದ್ದ ಗೆರೆ) ನಟ್ಟನಡುವೆ ಹಾಯದೆ ಸ್ವಲ್ಪ ಮೇಲೆ ಹಾಯ್ದು, ವ್ಯಾಸದ ಬದಲು ಜ್ಯಾ ಅಳೆದುಬಿಟ್ಟರೂ ವರ್ಗಗಳ ವ್ಯತ್ಯಾಸ ಬದಲಾಗುವುದೇ ಇಲ್ಲ. ಪೈಥಾಗೊರಸ್ ಪ್ರಮೇಯ ಹಾಕಿ ನೋಡಿ, ಎರಡೇ ಸಾಲು.

ಇನ್ನು ಮೈಕ್ರೋಸ್ಕೋಪ್. ಲೆನ್ಸಿನ ವಕ್ರತಾ ತ್ರಿಜ್ಯ 100 ಸೆಂ.ಮೀ. ಇದ್ದರೆ 10ನೇ ಕಪ್ಪು ಉಂಗುರದ ವ್ಯಾಸ ಸುಮಾರು 0.485 ಸೆಂ.ಮೀ., 20ನೇದು 0.687. ಎರಡರಲ್ಲೂ 0.001 ಸೆಂ.ಮೀ. ತಪ್ಪಿದರೂ ಉತ್ತರ ಹೆಚ್ಚೆಂದರೆ ಶೇಕಡಾ 1ರಷ್ಟು ಕೆಡುತ್ತದೆ. ತಿರುಪನ್ನು ಮಾತ್ರ ಎಡಗಡೆಯ 20ರಿಂದ ಬಲಗಡೆಯ 20ರವರೆಗೆ ಒಂದೇ ದಿಕ್ಕಿನಲ್ಲಿ ತಿರುಗಿಸಬೇಕು, ಹಿಂದೆ ಮುಂದೆ ಮಾಡಿದರೆ ಬ್ಯಾಕ್‌ಲ್ಯಾಶ್ (ತಿರುಪಿನ ಸಡಿಲದಿಂದ ಬರುವ ತಪ್ಪು) ಸೇರಿಕೊಳ್ಳುತ್ತದೆ.

ಈಗ ಸ್ಫೆರೋಮೀಟರಿಗೆ ಬನ್ನಿ. ಕಾಲುಗಳ ನಡುವಿನ ದೂರ 4 ಸೆಂ.ಮೀ. ಇದ್ದರೆ, ಅದೇ ಲೆನ್ಸಿನ ಉಬ್ಬು (ಕಾಲುಗಳ ಮಟ್ಟದಿಂದ ನಡುಭಾಗದ ಎತ್ತರ) ಬರೀ 0.0267 ಸೆಂ.ಮೀ. ಉಪಕರಣದ ಒಂದು ಗೆರೆ 0.001. ಅಂದರೆ ಒಂದೇ ಒಂದು ಗೆರೆ ಜಾಸ್ತಿ ಓದಿದರೆ ತ್ರಿಜ್ಯ ಶೇಕಡಾ 4ರ ಹತ್ತಿರ ಕಡಿಮೆ ಬರುತ್ತದೆ, ತರಂಗಾಂತರ ಅಷ್ಟೇ ಏರುತ್ತದೆ. 589.3 ಹೋಗಿ 611 ದಾಟುತ್ತದೆ. ನಿಮ್ಮ ಉತ್ತರ ಅಲ್ಲೇ ಇದೆ, ಅಲ್ವಾ? ವರದಿಯಲ್ಲಿ ಸುಮ್ನೆ ‘ಕಣ್ಣಳತೆಯ ತಪ್ಪು’ ಅಂತ ಬರೆಯುವ ಬದಲು ಈ ಲೆಕ್ಕ ಬರೆಯಿರಿ.

ಲ್ಯಾಬಿನಲ್ಲಿ ಪಾದರಸದ ಲ್ಯಾಂಪ್ ಮತ್ತು ಹಸಿರು ಫಿಲ್ಟರ್ ಇದ್ದರೆ ತ್ರಿಜ್ಯದ ಗೊಡವೆಯೇ ಬೇಡ. ಅದರ ಹಸಿರು ಗೆರೆ 546.1 ನ್ಯಾನೋಮೀಟರ್. ಎರಡೂ ಬೆಳಕಿನಲ್ಲಿ ಉಂಗುರ ಅಳೆದು, ವ್ಯಾಸದ ವರ್ಗಕ್ಕೂ ಉಂಗುರದ ಸಂಖ್ಯೆಗೂ ಗ್ರಾಫ್ ಹಾಕಿ. ಸೋಡಿಯಂ ಗೆರೆಯ ಇಳಿಜಾರನ್ನು ಹಸಿರಿನದರಿಂದ ಭಾಗಿಸಿ 546.1ರಿಂದ ಗುಣಿಸಿದರೆ ಆಯಿತು. ಲ್ಯಾಂಪ್ ಬದಲಿಸುವಾಗ ಲೆನ್ಸ್ ಮುಟ್ಟಬೇಡಿ.