ಛಡಿಗೆ ಹೆದರದ ತೂಕಡಿಕೆ

ಮುಂಬಯಿ ಬಳಿಯ ಡೊಂಬಿವಲಿಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಪತ್ರ: 'ನಮ್ಮ ಕಾಲದ ರಾತ್ರಿಶಾಲೆಯ ಹುಡುಗರು ನಾಲ್ಕು ಗಂಟೆ ಮಲಗಿ ಪಾಸಾದರು. ಇಂದಿನವರಿಗೆ ಲೆಕ್ಕದ ಮೇಲೆ ಅರ್ಧ ಗಂಟೆಯೂ ಗಮನ ನಿಲ್ಲುವುದಿಲ್ಲ. ಕೊರತೆ ಶಿಸ್ತಿನದು.'

ಸಂಪಾದಕರ ಉತ್ತರ:

ಮಾನ್ಯರೇ, ಮನಸ್ಸು ಅಲೆಯುವುದಕ್ಕೆಲ್ಲ ನಿದ್ದೆಗೇಡೇ ಕಾರಣವಲ್ಲ, ಒಪ್ಪಿದೆ. ಮನೋವಿಜ್ಞಾನಿ ಮ್ಯಾಕ್‌ವರ್ತ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಡಿಯಾರದ ಮುಳ್ಳನ್ನೇ ಕಾಯುತ್ತ ಕುಳಿತವರ ಎಚ್ಚರ ಅರ್ಧ ಗಂಟೆಗೇ ಇಳಿದಿತ್ತು. ಮೊಬೈಲನ್ನೂ ಬೇಕಾದರೆ ಬೈಯಿರಿ.

ಆದರೆ ನಾನೂ ಆ ರಾತ್ರಿಶಾಲೆಯವನೇ. ಹಗಲೆಲ್ಲ ಮುಂಬಯಿಯ ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿ ಬೆಂಚಿನಲ್ಲಿ ಕುಳಿತರೆ, ಬೀಜಗಣಿತದ ಒಂದೇ ಸಾಲನ್ನು ಕಣ್ಣು ಐದು ಸಲ ಓದುತ್ತಿತ್ತು. ತಲೆ ಆಗಲೇ ಕುಂದಾಪುರದ ಬಸ್ ಹತ್ತಿರುತ್ತಿತ್ತು. ಮಾಸ್ತರರು ಛಡಿ ಎತ್ತಲಿಲ್ಲ, 'ಮುಖ ತೊಳೆದು ಬಾ' ಎನ್ನುತ್ತಿದ್ದರು. ಮುಂದೆ ಅಚ್ಚುಕೂಟದಲ್ಲಿ ಕರಡು ತಿದ್ದುವಾಗ, ವೈಕುಂಠ ಸಮಾರಾಧನೆಯ ಕಾಗದದಲ್ಲಿ 'ಉಡುಗೊರೆ ಸ್ವೀಕರಿಸುವುದಿಲ್ಲ' ಎಂಬ ಮದುವೆಯ ಸಾಲು ಹಾಗೆಯೇ ಉಳಿಯಿತು. ಮೂರು ಸಲ ಓದಿದ್ದೆ, ಬೆಳಗಿನ ಜಾವ ಮೂರಕ್ಕೆ!

ಪಾಸಾದವರ ಹೆಸರು ನಮಗೆಲ್ಲ ಬಾಯಿಪಾಠ. ಬೆಂಚಿಗೆ ತಲೆಯಾನಿಸಿ ನಪಾಸಾಗಿ ಹೋಟೆಲಿಗೇ ಮರಳಿದವರಿಗೆ ಯಾವ ಸಂಘ ಶಾಲು ಹೊದಿಸಿದೆ, ಹೇಳಿ?

2011ರಲ್ಲಿ ನಿದ್ದೆಗೆಟ್ಟ ಇಲಿಗಳನ್ನು ನೋಡಿದ ವಿಜ್ಞಾನಿಗಳಿಗೆ ಒಂದು ವಿಚಿತ್ರ ಕಂಡಿತು. ಇಲಿ ಕಣ್ಣು ಬಿಟ್ಟೇ ಇದೆ, ಓಡಾಡುತ್ತಿದೆ. ಮಿದುಳಿನ ಕೆಲವು ನರಕೋಶಗಳು ಮಾತ್ರ ಕ್ಷಣಕಾಲ ಮಲಗಿಬಿಟ್ಟಿವೆ. ಆಗ ಸಕ್ಕರೆ ಗುಳಿಗೆಗೆ ಚಾಚಿದ ಕೈ ತಪ್ಪುತ್ತದೆ. ಮನುಷ್ಯರಲ್ಲೂ ಮನಸ್ಸು ಅಲೆಯುವ, ಬರಿದಾಗುವ ಗಳಿಗೆಗೆ ಮುನ್ನ ಮಿದುಳಿನಲ್ಲಿ ಇಂಥವೇ, ನಿದ್ದೆಯಲ್ಲಿ ಕಾಣುವಂಥ ಅಲೆಗಳು ಏಳುತ್ತವೆ ಎಂದು 2021ರ ಅಧ್ಯಯನ ಹೇಳಿತು. ಇನ್ನೊಂದು ಪ್ರಯೋಗ 2003ರದು: ದಿನಕ್ಕೆ ಆರೇ ಗಂಟೆ ಮಲಗಿದವರ ಗಮನ, ಎರಡು ವಾರ ಕಳೆಯುವಷ್ಟರಲ್ಲಿ, ಒಂದಿಡೀ ರಾತ್ರಿ ನಿದ್ದೆಯನ್ನೇ ಮಾಡದವರಷ್ಟು ಕುಸಿಯಿತು. ಅವರನ್ನೇ ಕೇಳಿದರೆ, 'ಸ್ವಲ್ಪ ತೂಕಡಿಕೆ, ಅಷ್ಟೇ'. ನಾಲ್ಕು ಗಂಟೆಯ ನಿದ್ದೆ ಸಾಕಿತ್ತು ಎಂಬ ನಿಮ್ಮ ನೆನಪನ್ನು ನಾನು ಅನುಮಾನಿಸುವುದು ಇದಕ್ಕೇ.

ವಿರಾರಿನಲ್ಲಿ ಮನೆ, ಅರವತ್ತು ಕಿಲೋಮೀಟರ್ ಆಚೆ ಚರ್ಚ್‌ಗೇಟಿನಲ್ಲಿ ಕಚೇರಿ. ಲೋಕಲಿನ ಕಂಬಿಗೆ ಜೋತು ತೂಗುವ ಹುಡುಗನಿಗೆ ಶಿಸ್ತಿಲ್ಲವೇ? ನಮ್ಮ ಸಂಘಗಳಂತೂ ಆರೂವರೆಯ ಕಾರ್ಯಕ್ರಮವನ್ನು ಎಂಟಕ್ಕೆ ಆರಂಭಿಸಿ, ಅಧ್ಯಕ್ಷರ ನುಡಿಯನ್ನು ಹನ್ನೊಂದಕ್ಕೆ ಎಳೆದು, ಸಭಿಕರ ಆಕಳಿಕೆಗೆ ಮುನಿಯುತ್ತವೆ.

ಅಂದಹಾಗೆ, ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ಶಿಸ್ತಿನ ವಾಕ್ಯ ಎರಡು ಸಲ ಬಂದಿದೆ. ದಿನಾಂಕದ ಪಕ್ಕ 'ರಾತ್ರಿ 1.30' ಎಂದು ಬರೆದವರು ನೀವೇ. ಒಂದನ್ನು ತೆಗೆದು ಅಚ್ಚು ಮಾಡಿದ್ದೇನೆ.